ಅವರ ಹೆಸರಿನ ಗುಳಿಗೆ

ಬಮ್ಮಿಗಟ್ಟಿ
೧೪-೧೧-೧೯೭೬

ಪ್ರೀತಿಯ ಅನ್ನವ್ವಕ್ಕನಿಗೆ ತಂಗಿ ರೇವವ್ವನ ಶರಣು.

ಎಲ್ಲರೂ ಆರಾಮ ಎಂದು ಬರೆಯಲು ಕೂತರೆ ಕೈ ಓಡಲಿಲ್ಲ, ಅದಕ್ಕೇ ತಡವಾಯಿತು. ಸಿಟ್ಟಾಗಬೇಡ. ಇದು ಇನ್ನೊಬ್ಬರ ಕೈಲಿ ಬರೆಸುವ ಮಾತಲ್ಲ. ನಾಲ್ಕನೆಯ ಇಯತ್ತೆಯ ಅಕ್ಷರ, ಸಂಭಾಳಿಸಿಕೊಂಡು ಓದು.

ಭತ್ತದ ಕೊಯ್ಲು ಮುಗಿಯಿತು. ಎಮ್ಮೆ ಈದಿದೆ. ಕರು ನೋಡಿ ಅತ್ತೆ, "ನಮ್ಮನ್ಯಾಗ ಎಮ್ಮಿಗಾದ್ರೂ ಬುದ್ಧಿ ಐತಿ" ಅಂದರು.

ಪಂಚಮಿಗೆ ತವರಿಗೆ ಬಂದಾಗ ಹೇಳಿದ್ದೆನಲ್ಲ, ಆ ಕಿಬ್ಬೊಟ್ಟೆಯ ನೋವು, ಬಿಳಿಸೆರಗು, ಜ್ವರ ಎಲ್ಲ ಹೆಚ್ಚಾಯಿತು. ಹುಬ್ಬಳ್ಳಿಯ ಡಾಕ್ಟರಬಾಯಿಗೆ ತೋರಿಸಿದೆ. ಗರ್ಭಚೀಲದ ಎರಡೂ ಬಾಜು ಕೊಳವೆಗಳಿರುತ್ತವಂತೆ. ನನ್ನವು ಬಾತಿವೆಯಂತೆ. ಹಾಗೇ ಬಿಟ್ಟರೆ ಮುಚ್ಚಿಕೊಂಡು ಮಕ್ಕಳಾಗುವುದು ಕಷ್ಟವಂತೆ. ಗುಳಿಗೆಯ ಎರಡು ಪೊಟ್ಟಣ ಕೊಟ್ಟು, ಒಂದು ನನಗೆ, ಇನ್ನೊಂದು ಗಂಡನಿಗೆ ಎಂದರು. ನೋವು ನನಗೆ, ಗುಳಿಗೆ ಅವರಿಗೇಕೆ ಎಂದು ಕೇಳಲು ನಾಚಿಕೆಯಾಯಿತು.

ಮನೆಯಲ್ಲಿ ಹೇಳಿದರೆ ಇವರು, "ನನಗೇನಾಗೇತಿ?" ಎಂದು ಪೊಟ್ಟಣ ಸರಿಸಿಬಿಟ್ಟರು. ಇವರು ಭತ್ತದ ವ್ಯಾಪಾರಕ್ಕೆ ಊರೂರು ಹೋದಾಗ ಇವರ ಹೆಸರಿನ ಸೋಮವಾರದ ಉಪವಾಸವನ್ನು ನಾನೇ ಹಿಡಿಯುತ್ತೇನಲ್ಲ, ಹಾಗೇ ಇವರ ಗುಳಿಗೆಯನ್ನೂ ಇವರ ಹೆಸರಿನಲ್ಲಿ ನಾನೇ ನುಂಗಿದೆ. ನೋವು ಇಳಿಯಿತು. ತಿಂಗಳೊಳಗೆ ಮತ್ತೆ ಬಂತು.

ಡಾಕ್ಟರಬಾಯಿಗೆ ಹೇಳಿದೆ. ಮೊದಲು ನಕ್ಕರು, ಆಮೇಲೆ ಬಾಗಿಲು ಹಾಕಿ ಬಂದು ಹೇಳಿದರು:

"ಇದು ಉಪಾಸ ಅಲ್ಲವ್ವಾ. ನಿನ್ನ ಗಂಡನಿಂದ ನಿನಗ ಬರೂ ಬ್ಯಾನಿ. ಅವನ ಗುಳಿಗಿ ಅವನ ಹೊಟ್ಟಿಗೇ ಹೋಗಬೇಕು. ಅಲ್ಲೀತನಕಾ ದೂರ ಮಲಕೋ."

ದೂರ ಮಲಗಿದರೆ ಅತ್ತೆಗೆ ಏನು ಹೇಳಲಿ? ಈಗಾಗಲೇ ದುಮ್ಮವಾಡದ ಒಂದು ಹುಡುಗಿಯ ಮಾತು ಎತ್ತುತ್ತಿದ್ದಾರೆ. ಹತ್ತಿರ ಮಲಗಿದರೆ ಕೊಳವೆ ಮುಚ್ಚುತ್ತವೆ. ಇವರ ಮೇಲೆ ಸಿಟ್ಟು ಮಾಡಲೋ ಬೇಡವೋ, ಅದೂ ತಿಳಿಯದು. ಇವರು ಕೆಟ್ಟವರಲ್ಲ ಅಕ್ಕ. ನೋವು ಬಂದರೆ ಇಟ್ಟಿಗೆ ಕಾಯಿಸಿ, ಬಟ್ಟೆ ಸುತ್ತಿ, ತಾವೇ ತಂದುಕೊಡುತ್ತಾರೆ.

ಭಾವನವರಿಗೆ ಶರಣು. ಮಕ್ಕಳು ನೂರು ವರ್ಷ ಬಾಳಲಿ. ನಿನ್ನ ಹರಕೆ ನನ್ನ ಮೇಲಿರಲಿ.

ನಿನ್ನ ತಂಗಿ
ರೇವವ್ವ

ತಾ.ಕ.: ಇದನ್ನು ಮೇಲೆ ಬರೆಯಲು ಆಗಲಿಲ್ಲ. ಮೊದಲ ದಿನ ನಾನು ಪೊಟ್ಟಣ ಬಿಚ್ಚಿದಾಗ ಇವರು ಗುಳಿಗೆ ನೋಡಿದವರೇ, "ಹಾಲಿನ ಜೋಡಿ ತಗೋಬ್ಯಾಡ, ಗುಣಾ ಹತ್ತೂದಿಲ್ಲ" ಅಂದರು. ಡಾಕ್ಟರಬಾಯಿಯೂ ಅದನ್ನೇ ಹೇಳಿದ್ದರು. ಆದರೆ ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಕ್ಕ, ಇವರು ಆ ಗುಳಿಗೆಯನ್ನು ಮೊದಲು ಯಾವಾಗ ನುಂಗಿದ್ದರು?