ನಿಂತ ಬೆರಳು

ಕಟ್ಟೆಮಳಲವಾಡಿ, ೧೯೫೪

ಅಣ್ಣಾ,

ಇದು ಅಂಚೆಗೆ ಹಾಕುವ ಕಾಗದವಲ್ಲ.

ಹುಣಸೂರಿನಿಂದ ತಂದಿದ್ದ ಕಾದಂಬರಿ ಇವತ್ತು ಮುಗಿಯಿತು. ಹಳೇ ಕಾಲದ ಯುದ್ಧದ ಕಥೆ. ಹದಿನೈದು ದಿನದಿಂದ ಮಧ್ಯಾಹ್ನದ ಹೊತ್ತು ನಾನು ಓದುತ್ತಿದ್ದೆ, ಅವ್ವ ಅವರೆಕಾಯಿ ಸುಲಿಯುತ್ತ ಕೇಳುತ್ತಿದ್ದಳು. ಶತ್ರುಗಳು ಕೋಟೆಗೆ ಮುತ್ತಿಗೆ ಹಾಕಿದ ದಿನವಂತೂ ಮೊರ ಪಕ್ಕಕ್ಕಿಟ್ಟು, "ಬಾಗ್ಲು ತೆಗೀಬ್ಯಾಡ್ರಲಾ!" ಎಂದು ಕೂಗಿಯೇಬಿಟ್ಟಳು. ಅವಳು ಅಷ್ಟು ಖುಷಿಯಾಗಿದ್ದನ್ನು ನೋಡಿ ಎಷ್ಟೋ ವರ್ಷವಾಗಿತ್ತು.

ಕೊನೆಯ ಅಧ್ಯಾಯದಲ್ಲಿ ಕೋಟೆ ಕಾಯುವ ಸಿಪಾಯಿ ಸಾಯುತ್ತಾನೆ. ಓದುವಾಗ ನಾನು ಅವನನ್ನು ಸಾಯಿಸದೆ ಊರಿಗೆ ಕರೆತಂದೆ. ಅವನ ತಾಯಿ ಕಾಲಿಗೆ ನೀರು ಕೊಟ್ಟಳು ಎಂದು ಓದಿ ಪುಸ್ತಕ ಮುಚ್ಚಿದೆ.

"ಚೆಂದಾಗದೆ ಕಣವ್ವ," ಅಂದಳು ಅವ್ವ. "ಆದ್ರೆ ಅವ್ನು ಊರಿಗ್ ಬಂದ ಅಂದಾಗ ನಿನ್ ಬೆಳ್ಳು ಮುಂದ್ಕೆ ಓಗ್ನೇ ಇಲ್ಲ."

ಸಾಲಿನ ಕೆಳಗೆ ಬೆರಳಿಟ್ಟು ಓದುವುದನ್ನು ನನಗೆ ಕಲಿಸಿದವನು ನೀನು. ಅಕ್ಷರ ಬಾರದ ಅವ್ವ ಆ ಬೆರಳನ್ನೇ ನೋಡುತ್ತಿರುತ್ತಾಳೆಂದು ನನಗೆ ಹೊಳೆದೇ ಇರಲಿಲ್ಲ.

"ಬರ್ಮಾದಿಂದ ನಿಮ್ಮಣ್ಣನ ದಂಡಿನ ಜೊತೆಗಾರನ ಕಾಗ್ದ ಬಂದಾಗ್ಲೂ ಅಂಗೇ ನಿಂತಿತ್ತು," ಅಂದಳು.

ಆಗ ನನಗೆ ಹನ್ನೆರಡು ವರ್ಷ. ನೀನು ಇನ್ನಿಲ್ಲವೆಂದು ಅದರಲ್ಲಿ ಬರೆದಿತ್ತು. ನೀನು ಚೆನ್ನಾಗಿದ್ದೀಯೆ, ಬರುವುದು ತಡವಾಗುತ್ತದೆ ಎಂದು ನಾನು ಓದಿದ್ದೆ. ನೀನು ಯಾವಾಗ ಬರುತ್ತೀಯೆಂದು ಈ ಹತ್ತು ವರ್ಷದಲ್ಲಿ ಅವಳು ಒಂದು ದಿನವೂ ನನ್ನನ್ನು ಕೇಳಿರಲಿಲ್ಲ.

ಪುಸ್ತಕ ವಾಪಸು ಕೊಡುವ ಮೊದಲು ಸಿಪಾಯಿಯ ಆ ಪುಟವನ್ನು ಸರಿಯಾಗಿ ಓದಬೇಕಂತೆ. ಬರ್ಮಾದ ಕಾಗದ ತೆಗೆ ಅನ್ನಲಿಲ್ಲ.

ನಿನ್ನ ತಂಗಿ,
ನೀಲಾಂಬಿಕೆ