ಶಿಮೊ ಚಿಕ್ಕಮ್ಮ ಬರೆದುಕೊಟ್ಟ ಸಾಲು

ನಾಗಸಾಕಿ
೨೦೦೫, ನವೆಂಬರ್ ೧೮

ಪ್ರೀತಿಯ ಸೆತ್ಸು ಅಕ್ಕನಿಗೆ,

ನಿನ್ನ ತಂಗಿ ಕಿನುವಿನ ನಮಸ್ಕಾರಗಳು. ನೀನು ಕಳಿಸಿದ, ಹೊಗೆಯಲ್ಲಿ ಒಣಗಿಸಿದ ಮೂಲಂಗಿಯ ಉಪ್ಪಿನಕಾಯಿ ಬಂದು ಮೂರು ವಾರವಾಯಿತು. ಅರ್ಧ ತಿಂದು ಮುಗಿಸಿದ ಮೇಲೆ ಕಾಗದ ಬರೆಯಲು ಕೂತಿದ್ದೇನೆ, ಕ್ಷಮಿಸು. ಅಕಿತದ ಬೆಟ್ಟಗಳಲ್ಲಿ ಆಗಲೇ ಹಿಮ ಬಿದ್ದಿದೆಯೆಂದು ಟಿವಿಯಲ್ಲಿ ನೋಡಿದೆ. ಭಾವ ಹೋದ ಮೇಲೆ ನಿನಗಿದು ಮೊದಲ ಚಳಿಗಾಲ. ಚಾವಣಿಯ ಹಿಮ ಕೆಡವಲು ನೀನೇ ಏಣಿ ಹತ್ತಬೇಡ, ಮಗನಿಗೆ ಹೇಳು. ಇಲ್ಲಿ ಇನ್ನೂ ಬಿಸಿಲಿದೆ. ನಮ್ಮ ಉರಾಕಮಿಯ ಗುಡ್ಡದ ಮೆಟ್ಟಿಲುಗಳು ಮಾತ್ರ ವರ್ಷವರ್ಷಕ್ಕೂ ಕಡಿದಾಗುತ್ತಿರುವ ಹಾಗಿದೆ. ನನಗೂ ಐವತ್ತೆಂಟಾಯಿತಲ್ಲ.

ಸ್ಟುಡಿಯೋ ಮುಚ್ಚಿದ ಮೇಲೆ ನಾನು ಹಿಡಿದ ಕೆಲಸ ನಿನಗೆ ಗೊತ್ತೇ ಇದೆ. ಬಾಂಬಿನ ದಿನ ಇಲ್ಲಿದ್ದು ಬದುಕುಳಿದವರ ಮನೆಗೆ ಹೋಗಿ ಒಂದು ಫೋಟೋ ತೆಗೆಯುವುದು, ಮುಂದಿನವರಿಗೆ ಅವರು ಹೇಳಬೇಕೆಂದಿರುವ ಮಾತನ್ನು ಅವರ ಕೈಯಿಂದಲೇ ಬರೆಸಿಕೊಳ್ಳುವುದು. ಎರಡನ್ನೂ ಒಂದೇ ಚೌಕಟ್ಟಿನಲ್ಲಿಟ್ಟು ಇಲ್ಲಿನ ಶಾಲೆಗಳಿಗೆ ಕೊಡುತ್ತಿದ್ದೇನೆ. ಪ್ರಿಂಟ್ ಹಾಕುವಷ್ಟರಲ್ಲಿ ಈ ವರ್ಷ ನಾಲ್ವರು ತೀರಿಕೊಂಡರು. ಕೊನೆಯವರು ಟ್ರಾಮ್ ಓಡಿಸುತ್ತಿದ್ದ ತೊಕುನಾಗ ಅಜ್ಜ. ಅವರಿಗೆ ಎಡಗಿವಿ ಇರಲಿಲ್ಲ. ಯಾವ ಕಡೆಯಿಂದ ತೆಗೆಯಲಿ ಎಂದು ಸಂಕೋಚದಿಂದ ಕೇಳಿದರೆ, "ಇಲ್ಲದ ಕಡೆಯಿಂದಲೇ ತೆಗಿಯಮ್ಮ. ಇರೋ ಕಿವೀನ ನನ್ನ ಹೆಂಡ್ತಿ ಐವತ್ತು ವರ್ಷ ಹಿಂಡಿ ಹಿಂಡಿ ಅದರ ಆಕಾರವೇ ಕೆಟ್ಟಿದೆ" ಅಂದರು. ಅಜ್ಜಿ ಒಳಗಿನಿಂದಲೇ, "ಹಿಂಡಿದ್ದಕ್ಕೇ ಇಷ್ಟಾದ್ರೂ ಮನುಷ್ಯ ಆಗಿದ್ದು!" ಎಂದು ಕೂಗಿದರು. ಅಷ್ಟು ನಗಿಸಿದ ಮನುಷ್ಯ ಕಾಗದದ ಮೇಲೆ ಬರೆದದ್ದು, "ಆವತ್ತು ನನ್ನ ಟ್ರಾಮಿನಲ್ಲಿ ನಿಂತಿದ್ದವರಿಗೆ ಕೂರಲು ಜಾಗ ಮಾಡಿಕೊಡಬೇಕಿತ್ತು" ಎಂದು. ಅದು ಶಾಂತಿಯ ಸಂದೇಶವೋ ಅಲ್ಲವೋ ನನಗೆ ಗೊತ್ತಿಲ್ಲ. ಹಾಗೆಯೇ ಇಟ್ಟುಕೊಂಡಿದ್ದೇನೆ.

ನಿನ್ನನ್ನು ಕರೆದಾಗ ನೀನು ಬರೆದಿದ್ದೆ: "ನನ್ನ ಸುಟ್ಟ ಬೆನ್ನನ್ನು ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೇ ತೋರಿಸಿಲ್ಲ, ಊರಿಗೆ ತೋರಿಸಲೇ?" ಬೆನ್ನು ಬೇಡ ಅಕ್ಕ. ಮುಖವೂ ಬೇಡವೆಂದರೆ ಬೇಡ. ಬಂದು ಈ ಮನೆಯ ಜಗಲಿಯಲ್ಲಿ ಎರಡು ದಿನ ಕೂತು ಹೋಗು, ಸಾಕು. ಅಮ್ಮನ ಅಂತ್ಯಸಂಸ್ಕಾರಕ್ಕೆ ಬಂದು ಅದೇ ಸಂಜೆ ರೈಲು ಹತ್ತಿದವಳು ನೀನು. ಇಪ್ಪತ್ತೆರಡು ವರ್ಷವಾಯಿತು. ಪರಿಚಯವಿಲ್ಲದ ನೂರಾರು ಜನರ ಮುಖಗಳನ್ನು ನಾನು ಕ್ಯಾಮೆರಾದಲ್ಲಿ ನೋಡಿದ್ದೇನೆ, ಒಬ್ಬೊಬ್ಬರ ಸುಕ್ಕೂ ಗೊತ್ತು. ಒಡಹುಟ್ಟಿದ ನಿನ್ನ ಮುಖಕ್ಕೆ ಎಲ್ಲೆಲ್ಲಿ ಸುಕ್ಕು ಬಿದ್ದಿದೆಯೋ ತಿಳಿಯದು.

ಇನ್ನು ಹೇಳಲೋ ಬೇಡವೋ ಎಂದು ಮೂರು ವಾರ ಒದ್ದಾಡಿದ ಸುದ್ದಿ. ನಾನು ಶಿಮೊ ಚಿಕ್ಕಮ್ಮನ ಮನೆಗೆ ಹೋಗಿದ್ದೆ.

ಕಾಗದವನ್ನು ಮಡಿಸಿಡಬೇಡ, ಓದು. ಅವರಿಗೀಗ ತೊಂಬತ್ತು. ನಮ್ಮ ಮನೆಯಿಂದ ಹನ್ನೆರಡು ಮೆಟ್ಟಿಲು ಮೇಲೆ, ಅದೇ ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದಾರೆ. ತಮ್ಮ ಇಬ್ಬರು ಮಕ್ಕಳನ್ನು ಕಳೆದುಕೊಂಡ ದಿನವೇ ಒಂಬತ್ತು ವರ್ಷದ ನಿನ್ನನ್ನು ಬೆನ್ನ ಮೇಲೆ ಹೊತ್ತು ಗಾಯಾಳುಗಳ ರೈಲಿನವರೆಗೆ ನಡೆದವರು ಅವರೇ ಎಂಬುದನ್ನು ನೀನೂ ಮರೆತಿಲ್ಲ, ನನಗೆ ಗೊತ್ತು. ನಿನ್ನ ಮೊದಲ ಸಂಬಂಧ ಮುರಿದಾಗ, ಬೆನ್ನಿನ ವಿಷಯ ಹೊರಗಿನವರಲ್ಲಿ ಅವರೊಬ್ಬರಿಗೇ ಗೊತ್ತಿತ್ತು, ಅವರೇ ಗಂಡಿನ ಕಡೆಯವರಿಗೆ ಹೇಳಿದರು ಎಂದು ಅಮ್ಮ ತೀರ್ಮಾನಿಸಿಬಿಟ್ಟಳು. ಅವರ ಹೊಸ್ತಿಲ ಮೇಲೆ ಉಪ್ಪು ಎರಚಿ ಬಂದಳು, ಪೀಡೆ ತೊಲಗಲಿ ಎಂಬಂತೆ. ಸಾಯುವವರೆಗೂ ಮಾತಾಡಲಿಲ್ಲ. ನೀನು ಊರನ್ನೇ ಬಿಟ್ಟೆ. ನಾನು ಎದುರಾದಾಗ ತಲೆ ಬಾಗಿಸಿ ದಾಟಿ ಹೋಗುತ್ತಿದ್ದೆ.

ಬಾಗಿಲು ತೆಗೆದು ನನ್ನನ್ನೂ ಕ್ಯಾಮೆರಾದ ಚೀಲವನ್ನೂ ನೋಡಿ, "ಅಂತೂ ಬಂದ್ಯಲ್ಲೇ ಕಿನು. ಎಲ್ಲರ ಮನೇಗೂ ಹೋಗ್ತಾಳೆ, ನಾನು ಸತ್ತ ಮೇಲೆ ಬರ್ತಾಳೇನೋ ಅಂದ್ಕೊಂಡಿದ್ದೆ" ಅಂದರು.

ಚಹಾ ಕೊಟ್ಟರು. ಕೂದಲು ಬಾಚಿಕೊಂಡು ಕಿಟಕಿಯ ಬೆಳಕಿಗೆ ಕೂತರು. ಮೂರು ಚಿತ್ರ ತೆಗೆದು ಕಾಗದ, ಪೆನ್ನು ಕೊಟ್ಟೆ. ಶಾಂತಿಯ ಬಗ್ಗೆ ಏನಾದರೂ ಬರೆಯಿರಿ ಅಂದೆ.

"ಶಾಂತಿ ಅಂದ್ರೆ ದೊಡ್ಡೋರ ಮಾತು. ನಂಗೇನೇ ಗೊತ್ತು?" ಅಂದರು. ಆಮೇಲೆ ಒಂದೇ ಸಾಲು ಬರೆದರು: "ಪಕ್ಕದ ಮನೆಯವರೊಡನೆ ಮಾತು ಬಿಡಬೇಡಿ."

ಅವರು ಪೆನ್ನು ಹಿಂದಕ್ಕೆ ಕೊಡುತ್ತಾ ಕೇಳಿದರು, "ಸೆತ್ಸು ಹೇಗಿದ್ದಾಳೆ? ಬೆನ್ನು ಚಳಿಗೆ ಸೆಟೆಯುತ್ತಾ? ಅವಳಿಗೊಂದು ಮಾತು ಬರೀತೀಯಾ? ನಾನು ಹೇಳ್ಲಿಲ್ಲ ಅಂತ. ಅಷ್ಟೇ ಬರಿ, ಸಾಕು."

ಅಷ್ಟನ್ನು ಬರೆದಿದ್ದೇನೆ. ಅವರು ಹೇಳಿರಲಿಲ್ಲ ಅಕ್ಕ.

ಸೊಂಟಕ್ಕೆ ಬೆಚ್ಚಗೆ ಉಣ್ಣೆಯ ಪಟ್ಟಿ ಸುತ್ತಿಕೋ. ಮೊಮ್ಮಕ್ಕಳಿಗೆ ಈ ಅಜ್ಜಿಯ ಆಶೀರ್ವಾದ ಹೇಳು, ಮಗನನ್ನೂ ಸೊಸೆಯನ್ನೂ ಕೇಳಿದೆನೆಂದು ತಿಳಿಸು. ನೀನು ನೂರು ಕಾಲ ಚೆನ್ನಾಗಿರು. ಹರಸುವ ವಯಸ್ಸು ನಿನ್ನದು, ಆದರೂ ಈ ಸಲ ಅದನ್ನು ನಾನೇ ಹೇಳುತ್ತಿದ್ದೇನೆ.

ನಿನ್ನ ತಂಗಿ,
ಕಿನು

ತಾ.ಕ.: ಲಕೋಟೆ ಅಂಟಿಸಿಯಾಗಿತ್ತು, ಮತ್ತೆ ಒಡೆದೆ. ಅರ್ಧ ಸತ್ಯ ಬರೆದು ಕಳಿಸಿದರೆ ಇನ್ನೊಂದು ಸುಳ್ಳು ಹೇಳಿದಂತೆ.

ಗಂಡಿನ ಕಡೆಯವರಿಗೆ ಹೇಳಿದವಳು ನಾನು. ನನಗಾಗ ಹನ್ನೊಂದು ವರ್ಷ. ಸಂಬಂಧ ತಂದ ಹೆಂಗಸು ಶಾಲೆಯಿಂದ ಬರುತ್ತಿದ್ದ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ, "ನಿಮ್ಮಕ್ಕ ಯಾಕೆ ಊರಿನ ಸ್ನಾನದ ಮನೆಗೆ ಯಾವತ್ತೂ ಬರಲ್ಲ ಮರಿ?" ಎಂದು ಕೇಳಿದಳು. ಬಾಯಿ ತಪ್ಪಿ ಬಂದ ಮಾತಾಗಿದ್ದರೆ ಎಂದೋ ನಿನ್ನೆದುರು ಒಪ್ಪಿಕೊಂಡುಬಿಡುತ್ತಿದ್ದೆ. ಬೇಕೆಂದೇ ಹೇಳಿದೆ. ಪ್ರತಿ ಸಂಜೆ ನಿನ್ನ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದವಳು ನಾನು. ನೀನು ಮದುವೆಯಾಗಿ ಹೋದರೆ ನನಗೆ ಯಾರಿದ್ದಾರೆ ಅನ್ನಿಸಿತ್ತು. ಸಂಬಂಧ ಮುರಿದರೆ ನೀನು ನನ್ನ ಜೊತೆಯೇ ಉಳಿಯುತ್ತೀಯೆಂದುಕೊಂಡೆ. ಮರುವರ್ಷವೇ ನೀನು ದೇಶದ ಆ ತುದಿಗೆ ಹೋದೆ.

ಕಳೆದ ಭಾನುವಾರ ಮತ್ತೆ ಹೋಗಿ ಶಿಮೊ ಚಿಕ್ಕಮ್ಮನ ಮುಂದೆ ಇದನ್ನು ಹೇಳಿದೆ. ಅವರು, "ಗೊತ್ತು ಕಣೇ. ಆ ಹೆಂಗಸು ನಿನ್ನ ಕೈ ಹಿಡ್ಕೊಂಡು ನಿಂತಿದ್ದನ್ನ ನಾನೇ ಕಿಟಕಿಯಿಂದ ನೋಡಿದ್ನಲ್ಲ" ಅಂದರು.

"ಮತ್ತೆ ಅಮ್ಮ ಅಷ್ಟು ಬೈದಾಗ ಯಾಕೆ ಸುಮ್ಮನಿದ್ರಿ?"

"ಬಾಯಿ ಬಿಟ್ಟಿದ್ರೆ ನಿಮ್ಮಮ್ಮ ನಿನ್ನ ಚರ್ಮ ಸುಲಿದಿರೋಳು. ಕೂಸು ನೀನು."

"ಇಷ್ಟು ವರ್ಷ ಸುಮ್ಮನಿದ್ದು ಈಗ್ಯಾಕೆ ಅಕ್ಕನಿಗೆ ಬರಿ ಅಂದ್ರಿ?"

"ತೊಂಬತ್ತಾಯ್ತಲ್ಲೇ ಹುಡುಗಿ. ನೀನಾಗೇ ಹೇಳ್ತೀಯ ಅಂತ ಇನ್ನೆಷ್ಟು ದಿನ ಕಾಯ್ಲಿ?"

ಅಕ್ಕ, ಫೋಟೋ ಏನೂ ಬೇಡ. ನನ್ನನ್ನು ಬೈಯುವುದಕ್ಕಾದರೂ ಬಾ. ಆದರೆ ನಮ್ಮ ಮನೆಯ ಮುಂದೆ ನಿಲ್ಲದೆ ನೇರವಾಗಿ ಇನ್ನೂ ಹನ್ನೆರಡು ಮೆಟ್ಟಿಲು ಹತ್ತಿ, ಮೊದಲು ಅವರನ್ನು ಮಾತಾಡಿಸು. ನಾನು ಕೆಳಗೇ ಕಾದಿರುತ್ತೇನೆ.