ಗೌರಕ್ಕನ ಆರಾಮದ ಸೈಕಲ್

ಧಾರವಾಡ,
ಕ್ರಿ.ಶ. ೨೧೮೬, ಮಾರ್ಚ್ ತಿಂಗಳ ಮೊದಲ ವಾರ

ಸೈಕಲ್ ಕೊಳ್ಳುವ ಯೋಚನೆಯಲ್ಲಿರುವ ಹಿರಿಯರಿಗೆ ಕುಮುದಿನಿ ತಡಕೋಡ ಮಾಡುವ ನಮಸ್ಕಾರ.

ಮೇಲಿನ ಇಸವಿಯನ್ನು ಕಂಡು ನೀವು ಈ ಪತ್ರವನ್ನು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಹಾಳೆಯನ್ನು ಮೂಸಿ ನೋಡಿ, ಬೆಳಕಿಗೆ ಹಿಡಿದು, ಬರೆದವರಿಗೆ ಇದರಿಂದೇನು ಲಾಭ ಎಂದು ಮೊದಲು ಕೇಳುತ್ತಿದ್ದೆ. ನೀವೂ ಹಾಗೆಯೇ ಓದಿರಿ. ನಿಮ್ಮ ಕಾಲದಲ್ಲಿಲ್ಲದ ಕೆಲವು ವಸ್ತುಗಳಿಗೆ ನಾವು ಇಟ್ಟುಕೊಂಡ ಹೆಸರುಗಳು ನಿಮ್ಮ ಕಿವಿಗೆ ಒರಟಾಗಿ ಕೇಳಬಹುದು. ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಉಳಿದದ್ದಕ್ಕೆ ಕ್ಷಮೆ ಇರಲಿ.

ನಾನು ಕಲಬೆರಕೆ ಹಿಡಿಯುವ ಇಲಾಖೆಯಲ್ಲಿ ದುಡಿದು ನಿವೃತ್ತಳಾದವಳು. ಹಾಲು, ಎಣ್ಣೆ, ಬೆಲ್ಲ, ಅರಿಸಿನ, ಹೀಗೆ ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ಮೊದಲು ಸಂಶಯದಿಂದ ನೋಡುವುದೇ ನನ್ನ ಉದ್ಯೋಗವಾಗಿತ್ತು. ಉದ್ಯೋಗ ಬಿಟ್ಟರೂ ಅಭ್ಯಾಸ ನನ್ನನ್ನು ಬಿಡಲಿಲ್ಲ. ಬೀಗರ ಮನೆಯಲ್ಲಿ ತುಪ್ಪ ಬಡಿಸಿದರೂ ಬೆರಳಲ್ಲಿ ತಿಕ್ಕಿ ನೋಡುತ್ತೇನೆ. ಹೀಗಾಗಿ ನನ್ನನ್ನು ಊಟಕ್ಕೆ ಕರೆಯುವವರು ಕಡಿಮೆ.

ಈಗಿನ ಧಾರವಾಡದಲ್ಲಿ ಯಾರೂ ನಡೆಯುವುದಿಲ್ಲ. ದೊಡ್ಡ ರಸ್ತೆಗಳ ಮೇಲೆಲ್ಲ ಬಿಸಿಲಿನಿಂದ ಕರೆಂಟು ಮಾಡುವ ಹಲಗೆಗಳ ಚಾವಣಿ ಹೊದಿಸಿದ್ದಾರೆ. ಅವುಗಳಿಗೆ ನೆರಳುಬೀದಿ ಎನ್ನುತ್ತೇವೆ. ಅಲ್ಲಿ ಓಡಾಡುವವು ಕರೆಬಂಡಿಗಳು. ನಾವು ಹೊಸ್ತಿಲಲ್ಲಿ ನಿಂತು ಕರೆದರೆ ಚಾಲಕರಿಲ್ಲದ ಈ ಸಣ್ಣ ಬಂಡಿಗಳು ಬಾಗಿಲ ತನಕ ಬಂದು, ನಮ್ಮ ಮೊಣಕಾಲಿಗೆ ತಕ್ಕಂತೆ ತಗ್ಗಿ, ಕೂರಿಸಿಕೊಂಡು ಹೋಗುತ್ತವೆ. ಎದುರು ಓಣಿಯಿಂದ ಕೊತ್ತಂಬರಿ ತರುವುದಕ್ಕೂ ಕರೆಬಂಡಿಯೇ. ಇದರ ಫಲವಾಗಿ ಉಸಿರು ಕಟ್ಟುವವರು, ಕಾಲು ಬಾತವರು ಮನೆಗೊಬ್ಬರಿದ್ದಾರೆ. ಆದ್ದರಿಂದ ವೈದ್ಯರು ಮಾತ್ರೆಯ ಜೊತೆ ಸೈಕಲ್ಲನ್ನೂ ಬರೆದುಕೊಡುತ್ತಾರೆ. ಮುಂಗೈಗೆ ಕಟ್ಟಿಕೊಳ್ಳುವ ಮೈಸಾಕ್ಷಿ ಎಂಬ ಪಟ್ಟಿಯೊಂದಿದೆ. ನಮ್ಮ ಮೈ ಎಷ್ಟು ದಣಿಯಿತು ಎಂಬುದನ್ನು ಅದು ವೈದ್ಯರಿಗೆ ತಿಳಿಸುತ್ತದೆ. ಆದರೆ ಸೈಕಲ್ ಮೇಲಿದ್ದಾಗ, ಎಷ್ಟು ದೂರ ಹೋದೆವೆಂದು ಸೈಕಲ್ಲು ಹೇಳಿದ್ದನ್ನೇ ನಂಬಿ, ಅಷ್ಟು ದಣಿದೆವೆಂದು ಮುಂದೆ ದಾಟಿಸುತ್ತದೆ. ಒಬ್ಬ ಸಾಕ್ಷಿ ಇನ್ನೊಬ್ಬನ ಮಾತು ಕೇಳಿ ಹೇಳುವುದು ನನಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ.

ಗೌರಾದೇವಿ ಯಲಿಗಾರ ನಮ್ಮ ಮೇಲಿನ ಅಂತಸ್ತಿನಲ್ಲಿದ್ದಾಳೆ. ನನಗಿಂತ ಕೊಂಚ ದೊಡ್ಡವಳು, ಅದಕ್ಕೇ ನನಗೆ ಗೌರಕ್ಕ. ಹುಡುಗಿಯರ ವಸತಿಗೃಹವೊಂದನ್ನು ನಡೆಸಿದವಳಾದ್ದರಿಂದ ದನಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಗಂಡ ತೀರಿಕೊಂಡ ಮೇಲೆ ಮಗಳು ಋತುಜಾ ಜೊತೆಗಿದ್ದಾಳೆ. ಕಳೆದ ವರ್ಷ ಗೌರಕ್ಕನಿಗೆ ಎದೆನೋವು ಬಂತು. ಹೃದಯ ಸೋತಿದೆ ಎಂದ ವೈದ್ಯರು ಮಾತ್ರೆ ಕೊಟ್ಟು, ದಿನವೂ ಬೆಳಿಗ್ಗೆ ಊರೊಳಗೆ ಸೈಕಲ್ ತುಳಿಯಲು ಹೇಳಿದರು. ನನ್ನ ಮೊಣಕಾಲಿಗೂ ಅದೇ ಅಪ್ಪಣೆಯಾಗಿತ್ತು. ಇಬ್ಬರೂ ಕೂಡಿ ಅಂಗಡಿಗೆ ಹೋದೆವು.

ಅಂಗಡಿಯ ದಸ್ತಗೀರ ನಮ್ಮನ್ನು ನೇರವಾಗಿ ಒತ್ತಾಸೆ ಸೈಕಲ್ಲುಗಳ ಸಾಲಿಗೆ ಕರೆದೊಯ್ದ. ಕಾಲು ಸೋತಾಗ ಒಳಗಿನ ಮೋಟಾರು ಸದ್ದಿಲ್ಲದೆ ನೂಕುವ ಸೈಕಲ್ಲುಗಳಿವು. ಗೌರಕ್ಕ ಕುಳಿತದ್ದೇ ತಡ, ಸೀಟು ಅವಳ ಮೈಗೆ ಹೊಂದಿಕೊಂಡು ಅಗಲವಾಯಿತು. ಹ್ಯಾಂಡಲ್ ತಾನಾಗಿ ಮೇಲೆದ್ದು ಅವಳ ಕೈಗೆ ಬಂತು.

"ಯವ್ವಾ, ತೊಟ್ಟಿಲದಾಗ ಕುಂತಂಗ ಆಗೇತಿ!" ಎಂದಳು.

"ತೊಟ್ಟಿಲದಾಗ ಕುಂತವರ ಕಾಲು ಗಟ್ಟಿ ಆಗತಾವೇನು?" ಎಂದೆ ನಾನು. "ಇಷ್ಟು ಆರಾಮ ಯಾಕ ಕೊಡ್ತಾರಂತ ಕೇಳಬೇಕಲ್ಲ ಗೌರಕ್ಕ?"

"ಒತ್ತಾಸೆ ಬ್ಯಾಡಂದ್ರ ಬಂದ್ ಮಾಡಿ ಕೊಡ್ತೀನ್ರಿ ಅಕ್ಕಾರ," ಎಂದ ದಸ್ತಗೀರ, ಬಂದ್ ಮಾಡಿಯೇ ಕೊಟ್ಟ. ಆ ಸೌಜನ್ಯವೂ ನನಗೆ ಸಂಶಯವಾಗಿಯೇ ಕಂಡಿತು.

ನಾನು ಅಂಗಡಿಯ ಹಿಂಭಾಗದಿಂದ ಮೋಟಾರೇ ಇಲ್ಲದ ಸಾದಾ ಸೈಕಲ್ ಆರಿಸಿಕೊಂಡೆ. ಮೊದಲು ಒಯ್ದದ್ದು ಸೈಕಲ್ ಪಂದ್ಯದವರದು. ಬಾಗಿ ಬಾಗಿ ಕುತ್ತಿಗೆ ಹಿಡಿಯಿತು, ಅಂಗೈ ಜೋಮು ಬಂತು. ಮರಳಿಸಿ ಇನ್ನೊಂದು ತಂದೆ. ಅದರ ಟೈರು ಎಷ್ಟು ತೆಳ್ಳಗೆ, ಎಷ್ಟು ಬಿಗಿ ಎಂದರೆ ಪ್ರತಿ ಕಲ್ಲೂ ಸೊಂಟಕ್ಕೆ ತಾಗುತ್ತಿತ್ತು. ಕಡೆಗೆ ಸಿಕ್ಕಿದ್ದು ಬೆನ್ನು ನೆಟ್ಟಗಿಟ್ಟು ಕೂರಬಹುದಾದ, ಕೊಂಚ ಅಗಲ ಟೈರಿನ, ನಡುವಿನ ಕೊಳವೆ ತಗ್ಗಿನಲ್ಲಿದ್ದು ಸೀರೆಯುಟ್ಟರೂ ಕಾಲು ದಾಟಿಸಬಹುದಾದ ಸೈಕಲ್. ಅದು ನನ್ನನ್ನು ತೊಟ್ಟಿಲಂತೆ ತೂಗಲಿಲ್ಲ, ನೋಯಿಸಲೂ ಇಲ್ಲ. ಆದರೂ ಒಂದು ವಾರ ಅದರ ಮೇಲೆ ಕಣ್ಣಿಟ್ಟೇ ತುಳಿದೆ.

ಮುಂದಿನ ತಿಂಗಳುಗಳಲ್ಲಿ ಗೌರಕ್ಕ ಹಾರಿದಳು ಎನ್ನಬೇಕು. ಎಳನೀಲಿ ಸೀರೆಯ ಸೆರಗು ಸಿಕ್ಕಿಸಿ ನೆರಳುಬೀದಿಯ ಅಂಚಿನಲ್ಲಿ ಅವಳು ಸಾಗಿದರೆ ಕರೆಬಂಡಿಯೊಳಗಿನವರು ಕೈಬೀಸುತ್ತಿದ್ದರು. ನಾನು ಹಿಂದಿನಿಂದ ಬೆವರುತ್ತ ಬರುತ್ತಿದ್ದೆ. "ನೀ ಏದುಸಿರು ಬಿಟ್ಕೋತ ಬಾ, ನಾ ಮುಂದ ಹೋಗಿ ಚಹಾ ಹೇಳಿರ್ತೀನಿ," ಎಂದು ಕೂಗಿ ಹೋಗುವಳು. ಅವಳ ಮೈಸಾಕ್ಷಿ ದಿನವೂ ಅವಳನ್ನು ಹೊಗಳುತ್ತಿತ್ತು. ಇಷ್ಟು ದುಡಿಯುವ ಹೃದಯಕ್ಕೆ ಹಿಂದಿನಷ್ಟು ಔಷಧ ಬೇಡವೆಂದು ವೈದ್ಯರು ಮಾತ್ರೆಯನ್ನು ಅರ್ಧಕ್ಕಿಳಿಸಿದರು. ಆ ದಿನ ಗೌರಕ್ಕ ಓಣಿಗೆಲ್ಲ ಪೇಡೆ ಹಂಚಿದಳು. ನಾನು ನನ್ನ ಪಾಲಿನದನ್ನು ಮೂಸಿ ನೋಡಿ ತಿಂದೆ.

ಒಂದು ಮಧ್ಯಾಹ್ನ ನಮ್ಮ ಕಟ್ಟಡದ ಲಿಫ್ಟು ಕೆಟ್ಟಿತು. ಗೌರಕ್ಕ ಮೆಟ್ಟಿಲು ಹತ್ತತೊಡಗಿದಳು. ಸದ್ದು ನಿಂತಿತೆಂದು ನಾನು ಬಾಗಿಲು ತೆರೆದರೆ ಅವಳು ಮೊದಲ ತಿರುವಿನಲ್ಲೇ ಗೋಡೆಗೊರಗಿ ಕುಳಿತಿದ್ದಳು. ತುಟಿ ಕಪ್ಪಿಟ್ಟಿತ್ತು. ಕಾಲಿನ ಗಂಟು ಮುಟ್ಟಿದೆ. ಬೆರಳೊತ್ತಿದಲ್ಲಿ ಕುಳಿ ಬಿದ್ದು ಹಾಗೆಯೇ ಉಳಿಯಿತು.

"ದಿನಾ ಅಷ್ಟು ದೂರ ತುಳಿಯೋ ಕಾಲು ಇವು ಅಲ್ಲ ಗೌರಕ್ಕ. ಆ ಸೈಕಲ್ಲು ಏನೋ ಸುಳ್ಳು ಹೇಳಾಕತ್ತೈತಿ."

ಅವಳಿಗೆ ಸಿಟ್ಟು ಬಂತು. "ನಿನಗ ದೇವರ ತೀರ್ಥದಾಗೂ ಕಲಬೆರಕಿ ಕಾಣತೈತಿ ಕುಮುದಾ. ನಾ ಮುಂದ ಹೋಗೋದು ನಿನಗ ಸೇರವಲ್ದು, ಹೌದಲ್ಲ?"

ಮಾತು ನನ್ನನ್ನು ಚುಚ್ಚಿತು. ಹೊಟ್ಟೆಕಿಚ್ಚೇ ಇರಬಹುದೇ ಎಂದು ನನ್ನನ್ನೇ ಸಂಶಯದಿಂದ ನೋಡಿಕೊಂಡೆ. ಆದರೆ ಆ ಕುಳಿ ನನ್ನ ಕಣ್ಣಿಂದ ಹೋಗಲಿಲ್ಲ. ಮರುದಿನ ಅವಳು ಕರೆಯದಿದ್ದರೂ ಅವಳ ಹಿಂದೆಯೇ ಸೈಕಲ್ ತೆಗೆದೆ.

ಅವಳು ಹಟಕ್ಕೆ ಬಿದ್ದವಳಂತೆ ನವಲೂರ ದಿಣ್ಣೆಯ ಕಡೆ ತಿರುಗಿದಳು. ಆ ಏರು ನಮ್ಮ ಊರಿನ ಎಳೆಯರನ್ನೂ ಕೆಳಗಿಳಿಸಿ ನೂಕಿಸುತ್ತದೆ. ನಾನು ಸಣ್ಣ ಗೇರು ಹಾಕಿ ಹಲ್ಲು ಕಚ್ಚಿ ತುಳಿದೆ. ಏರು ಶುರುವಾದಲ್ಲಿ ರಸ್ತೆ ಕಿತ್ತಿತ್ತು. ಅವಳ ಸೈಕಲ್ ಒಮ್ಮೆ ಕುಪ್ಪಳಿಸಿತು. ಚೈನು ಹಲ್ಲಿನಿಂದ ಜಾರಿ, ಜೋತುಬಿದ್ದು, ನೆಲಕ್ಕೆ ತಾಗಿ ಕರಕರ ಎನ್ನುವುದು ನನಗೆ ಕಂಡಿತು. ಸೈಕಲ್ ನಿಲ್ಲಲಿಲ್ಲ. ಗೌರಕ್ಕ ನೆಟ್ಟಗೆ ಕುಳಿತು, ಎರಡೂ ಕಾಲು ಆಡಿಸುತ್ತ, ದಿಣ್ಣೆ ಏರುತ್ತಲೇ ಇದ್ದಳು.

"ಗೌರಕ್ಕಾ, ನಿಂದ್ರು! ಚೈನ್ ಕಳಚೈತಿ!"

"ಎಲ್ಲಿ ಕಳಚೈತಿ? ಗಾಡಿ ಹೊಂಟೈತಲ್ಲ!"

"ಅದಕ್ಕೇ ನಿಂದ್ರು ಅನ್ನಾಕತ್ತೀನಿ!"

ಅವಳು ಬ್ರೇಕು ಹಿಡಿದು ಇಳಿದಳು. ಜೋತುಬಿದ್ದ ಚೈನನ್ನು ನೋಡಿದಳು, ತನ್ನ ಕಾಲುಗಳನ್ನು ನೋಡಿಕೊಂಡಳು, ಮತ್ತೆ ಚೈನನ್ನು. ನಾನು ಹೇಳಿದ್ದೇ ನಿಜವಾಯಿತಲ್ಲ ಎಂಬ ಸಂತೋಷ ನನಗೆ ಆಗಬೇಕಿತ್ತು. ಅವಳ ಮುಖ ನೋಡಿದಾಗ ಅದು ಹತ್ತಿರ ಸುಳಿಯಲಿಲ್ಲ. ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತು, "ಹಂಗಾದ್ರ ಇಷ್ಟು ದಿನ ನಾ ಏನ್ ಮಾಡಿದ್ನಿ?" ಎಂದು ಕೇಳಿದಳು. ದೊಡ್ಡ ದನಿಯವಳು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಕರೆಬಂಡಿ ಕರೆಸಿ, ಸೈಕಲ್ಲನ್ನೂ ಅದರ ಹಿಂದೆ ಹೇರಿಸಿ, ನೇರವಾಗಿ ಅಂಗಡಿಗೆ ಹೋದೆವು. ನಾನು ದಸ್ತಗೀರನ ನೀರಿಳಿಸುವುದೊಂದು ಬಾಕಿ ಇತ್ತು. ಅವನು ಬೇಸರಿಸದೆ ಸೈಕಲ್ ಬಿಚ್ಚಿ ತೋರಿಸಿದ. ಒತ್ತಾಸೆಯನ್ನು ಪೂರ್ತಿ ಏರಿಸಿಟ್ಟಿದ್ದರು. ತುಳಿಯುವವರು ತಗ್ಗಿಸಲಾಗದಂತೆ ಅದರ ಮೇಲೆ ಬೀಗವೂ ಇತ್ತು. "ನಾ ಬಂದ್ ಮಾಡಿ ಕೊಟ್ಟಿದ್ನಿರಿ. ಆಮ್ಯಾಲೆ ಯಾರೋ ಏರ್ಸ್ಯಾರ. ಬೀಗ ಹಾಕಾಕ ಮನಿಯವರಿಗೆ ಮಾತ್ರ ಬರತೈತಿ," ಎಂದ. ತಪ್ಪು ತನ್ನ ಮೇಲೆ ಬರದಿರಲೆಂದು ಹೇಳುತ್ತಿದ್ದಾನೆಂದೇ ನಾನು ತಿಳಿದೆ. ಗೌರಕ್ಕ ಮಾತ್ರ ಎದ್ದು ಬಾಗಿಲ ಕಡೆ ನಡೆದಳು. ಅವಳ ಮನೆಯಲ್ಲಿ ಇರುವವರು ಇಬ್ಬರೇ.

ಋತುಜಾ ಸುಳ್ಳು ಹೇಳಲಿಲ್ಲ. ಮೇಜಿನ ಅಂಚು ಹಿಡಿದು ನಿಂತು, ಅವ್ವನ ಬದಲು ನನ್ನ ಕಡೆ ನೋಡಿ ಹೇಳಿದಳು: "ಹೌದು ಚಿಗವ್ವ, ನಾನೇ ಏರ್ಸಿದ್ನಿ. ಅಪ್ಪ ಸೈಕಲ್ ತುಳಕೋತನೇ ಬಿದ್ದ. ನಾ ಹಿಂದ ಇದ್ನಿ. ಎಬ್ಬಸಾಕ ಹೋದ್ರ ಏಳಲಿಲ್ಲ. ಅವ್ವ ಏರು ಏರೋದು ನೆನೆಸಿಕೊಂಡ್ರ ನಂಗ ನಿದ್ದಿ ಬರ್ತಿರಲಿಲ್ಲ. ಖುಷಿಯಿಂದ ತಿರುಗಾಡಲಿ, ದಣೀದಿರಲಿ ಅಂದ್ಕೊಂಡ್ನಿ."

"ನಾನು ದಣಿದೀನಿ ಅಂತ ಡಾಕ್ಟರ್ ತಿಳಕೊಂಡ್ರವಾ," ಎಂದಳು ಗೌರಕ್ಕ. "ಅದನ್ನ ನಂಬಿ ಗುಳಿಗಿ ಕಡಿಮಿ ಮಾಡಿದ್ರು."

ಋತುಜಾಳಿಗೆ ಅದು ಹೊಳೆದೇ ಇರಲಿಲ್ಲ. ಅವ್ವನ ಕಾಲ ಬಳಿ ಕುಳಿತು, ಬಾತ ಗಂಟನ್ನು ಮುಟ್ಟಿ, ಮುಖ ಮುಚ್ಚಿಕೊಂಡಳು. ಗೌರಕ್ಕ ಬೈಯಲಿಲ್ಲ. ಮಗಳ ತಲೆಯ ಮೇಲೆ ಕೈಯಿಟ್ಟು, "ನಂಗ ಹೇಳಬೇಕಿತ್ತು ತಂಗಿ. ಅಂಜಿಕಿ ಐತಿ ಅಂತ ಒಂದು ಮಾತು ಹೇಳಿದ್ರ ನಾನೂ ಅಂಜತಿದ್ನಿ, ಇಬ್ಬರೂ ಕೂಡಿ ಅಂಜಬಹುದಿತ್ತು," ಎಂದಳು.

ಅದೇ ಸಂಜೆ ಆಸ್ಪತ್ರೆಗೆ ಹೋದೆವು. ವೈದ್ಯರು ಒಂದು ವಾರ ಇಟ್ಟುಕೊಂಡರು. ಮಾತ್ರೆ ಮೊದಲಿನಷ್ಟಾಯಿತು, ಬಾವು ಇಳಿಯಿತು. ಇನ್ನೂ ಕೆಲವು ವಾರ ತಡವಾಗಿದ್ದರೆ ಏನಾಗುತ್ತಿತ್ತೆಂದು ನಾನು ಕೇಳಿದೆ. ಅವರು ನನ್ನ ಮೊಣಕಾಲು ಹೇಗಿದೆಯೆಂದು ವಿಚಾರಿಸಿದರು. ಉತ್ತರ ನನಗೆ ತಿಳಿಯಿತು.

ಚೇತರಿಸಿಕೊಂಡ ಮೇಲೆ ಮೂವರೂ ಮತ್ತೆ ಅಂಗಡಿಗೆ ಹೋದೆವು. ಈ ಸಲ ಗೌರಕ್ಕ ಮೋಟಾರಿಲ್ಲದ ಸಾದಾ ಸೈಕಲ್ಲನ್ನು ಕಣ್ಣು ತೆರೆದು ಆರಿಸಿದಳು. ಮೆತ್ತನೆಯ ಸೀಟಿನ ಮೇಲೆ ಬಹಳ ಹೊತ್ತು ಕುಳಿತು, ಅದು ತೊಡೆಗಳನ್ನು ಒತ್ತುತ್ತದೆ ಎಂದು ಬಿಟ್ಟಳು. ಕೊಂಚ ಗಟ್ಟಿಯಾದ, ಹಿಂದೆ ಅಗಲವಿದ್ದ ಸೀಟು ಹಿಡಿಸಿತು. ಪೆಡಲು ಕೆಳಗೆ ಬಂದಾಗ ಮೊಣಕಾಲು ತುಸು ಬಾಗಿರುವಂತೆ, ಸೀಟಿನಿಂದ ಜಾರಿದರೆ ಎರಡೂ ಪಾದ ನೆಲಕ್ಕೆ ಊರುವಂತೆ ಎತ್ತರ ಮಾಡಿಸಿದಳು. ಹ್ಯಾಂಡಲ್ಲನ್ನು ಭುಜ ಬಿಗಿಯಾಗದಷ್ಟು ಹತ್ತಿರ ತರಿಸಿದಳು. ಅಂಗಡಿಯ ಮುಂದಿನ ಓಣಿಯಲ್ಲಿ ಹೋಗಿ ಬಂದು, "ಇದು ಭಾರ ಐತಿ," ಎಂದು ಸಂತೋಷದಿಂದ ದೂರಿದಳು. ಸೀಟು ಹಿಡಿದುಕೊಂಡು ಹಿಂದೆ ಓಡಿದ್ದ ಋತುಜಾ ಬಾಗಿ ನಿಂತು ಏದುತ್ತಿದ್ದಳು. ಅವಳಿಗೂ ಒಂದು ಸೈಕಲ್ ಆಯಿತು.

ಈಗ ಅವರಿಬ್ಬರೂ ಕೆಲಗೇರಿ ಕೆರೆಯ ದಂಡೆಯ ಮಟ್ಟಸ ದಾರಿಯಲ್ಲಿ ಹೋಗುತ್ತಾರೆ. ನಡುವೆ ಕಲ್ಲಿನ ಮೇಲೆ ಕುಳಿತು ಉಸಿರು ತಿರುಗಿಸಿಕೊಳ್ಳುತ್ತಾರೆ. ಗೌರಕ್ಕ ನನಗಿಂತ ಹಿಂದೆ ಇರುತ್ತಾಳೆ, ಅದಕ್ಕಾಗಿ ನನ್ನನ್ನು ಬೈಯುತ್ತಾಳೆ. ಲಿಫ್ಟು ಸರಿಯಾಗಿದ್ದರೂ ಮನೆಗೆ ಮೆಟ್ಟಿಲ ಮೇಲೆಯೇ ಬರುತ್ತಾಳೆ. ನವಲೂರ ದಿಣ್ಣೆಯನ್ನು ಅವಳು ಇನ್ನೂ ಏರಿಲ್ಲ. ಏರದಿರಬಹುದು.

ನಾನು ಬದಲಾಗಿದ್ದೇನೆಂದು ತಿಳಿಯಬೇಡಿ. ಮೋಸವೆಲ್ಲ ಅಂಗಡಿಯಲ್ಲೇ ಇರುತ್ತದೆಂದು ನಂಬಿದ್ದವಳು ಈಗ ಪ್ರೀತಿಯಿಂದ ಮಾಡಿಕೊಟ್ಟ ಅನುಕೂಲವನ್ನೂ ಎರಡು ಸಲ ನೋಡುತ್ತೇನೆ, ಅಷ್ಟೇ. ನಿಮ್ಮ ಕಾಲದಲ್ಲಿಯೂ ತಾವೇ ನೂಕುವ ಸೈಕಲ್ಲುಗಳು ಬಂದಿದ್ದವೆಂದು ಓದಿದ್ದೇನೆ. ಅವುಗಳ ಮೇಲೆ ನನ್ನ ದ್ವೇಷವಿಲ್ಲ. ನೂಕುತ್ತಿರುವುದು ಕುಳಿತವರಿಗೆ ಗೊತ್ತಿದ್ದರೆ ಸಾಕು. ನಿಮ್ಮ ಮನೆಯ ಹಿರಿಯರಿಗೆ ಸೈಕಲ್ ಕೊಡಿಸುವುದಾದರೆ ಅವರನ್ನೇ ಅಂಗಡಿಗೆ ಕರೆದೊಯ್ಯಿರಿ. ಕೂರಲಿ, ಇಳಿಯಲಿ, ಓಣಿಯ ಕೊನೆಯ ತನಕ ಹೋಗಿ ಬರಲಿ. ಎಲ್ಲಿ ನೋಯುತ್ತದೆಂದು ಅವರೇ ಹೇಳಲಿ. ನಿಮಗೆ ಹೆದರಿಕೆಯಾದರೆ ಅದನ್ನು ಅವರ ಎದುರಿಗೇ ಹೇಳಿ, ನೀವೂ ಒಂದು ಸೈಕಲ್ ತೆಗೆದುಕೊಂಡು ಅವರ ಪಕ್ಕದಲ್ಲಿ ನಿಧಾನವಾಗಿ ತುಳಿಯಿರಿ.

ಇಷ್ಟನ್ನು ಸಂಶಯವಿಲ್ಲದೆ ಕೇಳಿಕೊಳ್ಳುತ್ತೇನೆ. ಹೋಗಿ ಬನ್ನಿ.

ನಿಮ್ಮ ಮೊಮ್ಮಕ್ಕಳ ಮೊಮ್ಮಗಳಾಗಿರಬಹುದಾದ,
ಕುಮುದಿನಿ ತಡಕೋಡ